ಗುಂಡಿಲ್ಲದ ಗುರಿಕಾರ

(ಚೆನ್ನೈ ಮೈಲಾಪುರದ ಒಂದು ಉಡುಪಿ ಹೋಟೆಲ್. ಗಲ್ಲಾದಲ್ಲಿ ಭಟ್ಟರು. ರೈಫಲ್ ಕ್ಲಬ್ಬಿನಿಂದ ರಾಯರ ಪ್ರವೇಶ.)

ಭಟ್ಟರು: ಏನ್ ರಾಯರೇ, ಇವತ್ತು ಎಷ್ಟು ಗುಂಡು ಹಾರಿಸಿದ್ರಿ?

ರಾಯರು: ಒಂದೂ ಇಲ್ಲ. ಪಾಯಿಂಟ್ ಟೂಟೂ ಸ್ಟಾಕಿಲ್ಲ. ಬಂದಾಗಲೂ 50 ಗುಂಡಿನ ಡಬ್ಬಿಯ ರೇಟು ಕೇಳಿದ್ರೆ ನಮಗೇ ಗುಂಡು ಬಿದ್ದ ಹಾಗೆ.

ಭಟ್ಟರು: ಇಂಗ್ಲೆಂಡಿನ ಈಲಿ ಕಂಪನಿ ಗುಂಡೇ ಯಾಕೆ ಬೇಕು? ಸ್ವದೇಶಿ ಹೊಡೀರಿ.

ರಾಯರು: ಅದೇ ಲೇಸು. ಗುರಿ ತಪ್ಪಿದ್ರೆ ಗುಂಡನ್ನು ಬೈಯಬಹುದು. ಈಲಿ ಹೊಡೆದು ತಪ್ಪಿದ್ರೆ ನನ್ನನ್ನೇ ಬೈಕೋಬೇಕು.

ಭಟ್ಟರು: ನಿಮ್ಮ ಅಳಿಯಂದಿರು ಕೊಡವರಲ್ವೇ? ಅವರಿಗೆ ಲೈಸೆನ್ಸೇ ಬೇಡವಂತೆ!

ರಾಯರು: ವಿನಾಯಿತಿ 2029ರವರೆಗೆ ಇದೆ. ಅದು ಕೋವಿಗೆ ಸ್ವಾಮಿ, ತೋಟಾದ ಬೆಲೆಗಲ್ಲ! ಟ್ರ್ಯಾಪ್ ಸ್ಪರ್ಧೆಯ ಅರ್ಹತಾ ಸುತ್ತು ಅಂದ್ರೆ 125 ಹಾರುಬಿಲ್ಲೆ, ಒಂದೊಂದಕ್ಕೆ ಎರಡು ತೋಟಾದವರೆಗೆ ಅವಕಾಶ. ಅದೇ ಟ್ರ್ಯಾಪ್‌ನಲ್ಲಿ ಪುದುಕ್ಕೋಟೈನ ಪೃಥ್ವಿರಾಜ್ ತೊಂಡೈಮಾನ್ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ್ರು. ಅಷ್ಟು ತೋಟಾ ಕೊಳ್ಳೋಕೆ ನಾನು ಸಾಲ ಕೇಳೋಕೆ ಬ್ಯಾಂಕಿಗೆ ಹೋಗಬೇಕು.

ಭಟ್ಟರು: ಮತ್ತೆ ಅಭ್ಯಾಸ?

ರಾಯರು: ಡ್ರೈ ಫೈರಿಂಗ್! ಗೋಡೆ ಮೇಲೆ ಕಪ್ಪು ಚುಕ್ಕಿ, ಕೈಯಲ್ಲಿ ಖಾಲಿ ರೈಫಲ್. ಉಸಿರು ಹಿಡಿದು ಟ್ರಿಗರ್ ಒತ್ತೋದು, ‘ಟಕ್’. ಒಲಿಂಪಿಕ್ಸ್ ಶೂಟರ್‌ಗಳೂ ಮಾಡ್ತಾರೆ. ನನ್ನ ಒಂದು ಹೊಡೆತವೂ ಇದುವರೆಗೆ ಗರಿಷ್ಠ ಅಂಕ 10.9ಕ್ಕಿಂತ ಕೆಳಗೆ ಬಿದ್ದಿಲ್ಲ!

ಭಟ್ಟರು: (ಖಾಲಿ ಡಬರಾ-ಲೋಟ ಮುಂದಿಟ್ಟು) ತಗೊಳ್ಳಿ, ಡ್ರೈ ಕಾಫಿ. ಪುಡಿ ರೇಟೂ ಏರಿದೆ.

ರಾಯರು: ಹಾಗಾದ್ರೆ ದುಡ್ಡೂ ಡ್ರೈ ತಾನೇ?

ಭಟ್ಟರು: ಅದೊಂದು ಬಿಟ್ಟು! ಅಭ್ಯಾಸ ಖಾಲಿಯಾಗಿ ನಡೀಬಹುದು ರಾಯರೇ, ಗಲ್ಲಾ ಮಾತ್ರ ನಡೆಯಲ್ಲ.