ಎರಡು ತಿಂಗಳ ನೋಟಿಸಿನವನ ಬಿನ್ನಹ

ಮಾನ್ಯ ಬಿ.ಸಿ. ಪಾಟೀಲ, ಆರ್. ಶಂಕರ್ ಹಾಗೂ ಬಸವರಾಜ ಬೊಮ್ಮಾಯಿ ಅವರಿಗೆ,

ರಾಣೆಬೆನ್ನೂರಿನ ಮತದಾರನೊಬ್ಬನ ಶರಣು. ನಾನು ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುವವನು. ಹಾವೇರಿಯಲ್ಲಿ ಹೆಚ್ಚಿನ ಪಗಾರದ ಕೆಲಸ ಸಿಕ್ಕಿದೆ, ಒಂದನೇ ತಾರೀಖಿಗೆ ಬಾ ಅಂದಿದ್ದಾರೆ. ಇಲ್ಲಿ ಸಾವ್ಕಾರರು ಎರಡು ತಿಂಗಳ ನೋಟಿಸು ಕೇಳುತ್ತಾರೆ. "ಸೋಮವಾರ, ಗುರುವಾರ ಟೆಂಡರ್ ಐತಿ. ಚೀಲ ಒಳಗ ಬರೂ ಹೊತ್ತಿನ್ಯಾಗ ಹೊಂಟೀ ಏನಲೇ?" ಅವರ ಮಾತೂ ಸುಳ್ಳಲ್ಲ. ಯಾವ ರೈತನ ಡಬ್ಬಿ ಮೆಣಸಿನಕಾಯಿ, ಯಾರ ಕಡ್ಡಿ ಮೆಣಸಿನಕಾಯಿ ಯಾವ ಛೇಂಬರಿನಲ್ಲಿದೆ ಅನ್ನುವ ವಹಿ ನನ್ನ ಕೈಯಲ್ಲೇ ಇದೆ. ಅದನ್ನು ಒಪ್ಪಿಸದೆ ಹೋದರೆ ಬಾಕಿ ಪಗಾರವೂ ಇಲ್ಲ, ರಿಲೀವಿಂಗ್ ಲೆಟರೂ ಇಲ್ಲ.

ಕೆಲಸ ಬಿಟ್ಟು ಹೋಗುವ ವಿಷಯದಲ್ಲಿ ಜಿಲ್ಲೆಯೊಳಗೆ ತಮಗಿಂತ ಅನುಭವಸ್ಥರು ಯಾರಿದ್ದಾರೆ?

ಶಂಕರಣ್ಣಾರ, ತಮ್ಮದೇ ಮೊದಲು. 2018ರಲ್ಲಿ ನಮ್ಮ ರಾಣೆಬೆನ್ನೂರಿನಲ್ಲಿ ಕೆಪಿಜೆಪಿ ಪಕ್ಷದಿಂದ ಗೆದ್ದು ಅರಣ್ಯ ಮಂತ್ರಿ. ಡಿಸೆಂಬರಿಗೆ ಆ ಕುರ್ಚಿ ಹೋಯಿತು. 2019ರ ಜನವರಿಯಲ್ಲಿ ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್, ಜೂನ್‌ನಲ್ಲಿ ಮತ್ತೆ ಮಂತ್ರಿ, ಜುಲೈನಲ್ಲಿ ಮೊದಲು ರಾಜೀನಾಮೆ, ಆಮೇಲೆ ಅನರ್ಹತೆ. 2020ರಲ್ಲಿ ವಿಧಾನ ಪರಿಷತ್ತು, 2021ರಲ್ಲಿ ಮತ್ತೊಮ್ಮೆ ಮಂತ್ರಿಗಿರಿ, 2023ರ ಏಪ್ರಿಲ್‌ನಲ್ಲಿ ಪರಿಷತ್ತಿಗೂ ಶರಣು. ನನ್ನ ಬಯೋಡಾಟಾ ಹೀಗಿದ್ದರೆ ಹಾವೇರಿಯವರು ಚಹಾ ಕುಡಿಸಿ ಕಳಿಸುತ್ತಿದ್ದರು.

ಪಾಟೀಲರು ಪೊಲೀಸ್ ಕೆಲಸ ಬಿಟ್ಟು ಸಿನಿಮಾಕ್ಕೆ ಹೋದವರು, ಅಭ್ಯಾಸ ಹಳೆಯದು; ಅವರೂ ಶಂಕರಣ್ಣಾರ ಹಾಗೆ 2019ರಲ್ಲಿ ಅನರ್ಹರಾದರು. 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ತಮ್ಮಿಬ್ಬರ ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ಮಾತ್ರ ನಿಲ್ಲಲು ಬಿಟ್ಟಿತು. ಹಳೇ ಕೆಲಸಕ್ಕೆ ನಾಲಾಯಕ್, ಅದೇ ಕೆಲಸದ ಹೊಸ ಅರ್ಜಿಗೆ ಲಾಯಕ್! ಪಾಟೀಲರು ಗೆದ್ದು ಕೃಷಿ ಮಂತ್ರಿಯೂ ಆದರು. ಖಾಲಿ ಜಾಗ ತುಂಬಲು ಡಿಸೆಂಬರ್ 5ರಂದು, ಅದೂ ಗುರುವಾರ, ಟೆಂಡರ್ ಬಿಟ್ಟು ಮತದಾನದ ಸಾಲಿನಲ್ಲಿ ನಿಂತವರು ನಾವು. ನನ್ನ ಬದಲಿಯವನನ್ನು ಹುಡುಕುವ ಖರ್ಚು ಮಾತ್ರ ನನ್ನ ಪಗಾರದಲ್ಲೇ ಮುರಿಯುತ್ತಾರಂತೆ.

ಬೊಮ್ಮಾಯಿಯವರದು ಬೇರೆ ಲೆಕ್ಕ, ಅವರು 2019ರ ಅನರ್ಹರ ಸಾಲಿನವರಲ್ಲ. 2023ರಲ್ಲಿ ಶಿಗ್ಗಾವಿಗೆ ಐದು ವರ್ಷದ ಮಾತು ಕೊಟ್ಟು, ಮರುವರ್ಷವೇ ಹಾವೇರಿಯ ಸಂಸದರಾದರು. ಎರಡೂ ಕಡೆ ಇರಲು ಬಾರದು, 14 ದಿನದೊಳಗೆ ಒಂದನ್ನು ಬಿಡಬೇಕು. ನಮಗೆ ಇಷ್ಟು ದಿನ ಇರಲೇಬೇಕೆಂಬ ಕಾನೂನು, ತಮಗೆ ಇಷ್ಟರೊಳಗೆ ಹೋಗಲೇಬೇಕೆಂಬ ಕಾನೂನು. ಆ ಜಾಗಕ್ಕೆ ಮಗ ಭರತ ಬೊಮ್ಮಾಯಿ ನಿಂತರು. 2024ರ ನವೆಂಬರಿನಲ್ಲಿ ಜನ ಯಾಸೀರ್ ಅಹ್ಮದ್ ಖಾನ್ ಪಠಾಣರನ್ನು ಆರಿಸಿದರು. ನಾನೂ ಸಾವ್ಕಾರರಿಗೆ ಮಗನನ್ನು ಹಚ್ಚಿಕೊಳ್ಳಿ ಅಂದೆ. ಅವನಿನ್ನೂ ಆರನೇ ಇಯತ್ತೆ.

2019ರಲ್ಲಿ ರಾಜೀನಾಮೆ ಕೊಟ್ಟು ಮುಂಬೈ ಹೋಟೆಲು ಸೇರಿದ ಶಾಸಕರನ್ನು ನೋಡಿ ನಾನೂ ಎಲ್ಲಾದರೂ ಅಡಗೋಣವೆಂದುಕೊಂಡೆ. ನನಗಿರುವುದು ಮೋಟೆಬೆನ್ನೂರಿನ ಸೋದರಮಾವನ ಮನೆ. ಸಾವ್ಕಾರರು ಬೈಕ್ ಹತ್ತಿದರೆ ಚಹಾ ಆರುವುದರೊಳಗೆ ಅಲ್ಲಿರುತ್ತಾರೆ. ಆದ್ದರಿಂದ ತಮ್ಮ ರಾಜೀನಾಮೆ ಪತ್ರದ ಒಂದು ಜೆರಾಕ್ಸ್ ಕಳಿಸಿಕೊಡಿ, ಹೆಸರು, ತಾರೀಖು ನಾನೇ ತಿದ್ದಿಕೊಳ್ಳುತ್ತೇನೆ. ಮೂವರದೂ ಬಂದರೆ ಒಳ್ಳೆಯದು, ಸಾವ್ಕಾರರು ಯಾವುದಕ್ಕೆ ಬಗ್ಗುತ್ತಾರೋ ನೋಡೋಣ.

ಇಂತಿ,
ರಾಣೆಬೆನ್ನೂರಿನ ಮತದಾರ, ಸದ್ಯ ಬ್ಯಾಡಗಿಯಲ್ಲಿ