ಜಾಲಶಿಲ್ಪಿಯ ಮಟ್ಟನಿರ್ಣಯ ಮೀಮಾಂಸೆ: ಪಶ್ಚಿಮ ಬೆಂಗಳೂರು ಕಾಂಡ

ಈ ಸಂಶೋಧನೆಯ ಕ್ಷೇತ್ರಕ್ಕೆ ಈಶಾನ್ಯದಲ್ಲಿ ರಾಜಾಜಿನಗರದ ತರಬೇತಿ ಕೇಂದ್ರಗಳೂ ನೈಋತ್ಯದಲ್ಲಿ ಕೆಂಗೇರಿಯ ಪಿ.ಜಿ.ಗಳೂ ಎಲ್ಲೆ. ನಡುವೆ ವಿಜಯನಗರ, ಬಸವೇಶ್ವರನಗರಗಳ ಲೈಟುಕಂಬಗಳು. ‘100% ಪ್ಲೇಸ್‌ಮೆಂಟ್’ ಎಂಬ ಸ್ತಂಭಶಾಸನಗಳು ಹೇರಳವಾಗಿ ದೊರೆತದ್ದು ಅಲ್ಲೇ. ವೆಬ್ ಡೆವಲಪರ್ ಹುದ್ದೆಗೆ ಬೇಕಾದ ಕೌಶಲ್ಯಸ್ತರಗಳು ನಾಲ್ಕೆಂದು ಅವುಗಳಿಂದ ಸಿದ್ಧವಾಗುತ್ತದೆ.

ಪ್ರಥಮ, ಅನುಭವೀ ಫ್ರೆಶರ್. ಇವನು ಈ ವರ್ಷವೇ ಪಾಸಾಗಿರಬೇಕು, ಎರಡು ವರ್ಷ ಕೆಲಸವನ್ನೂ ಮಾಡಿರಬೇಕು. ಪೂರ್ವಜನ್ಮವಾದವನ್ನು ಒಪ್ಪದವರಿಗೆ ಈ ಸ್ತರ ಅರ್ಥವಾಗದು.

ದ್ವಿತೀಯ, ಕಾಲಾತೀತ ಪರಿಣತ. ಫಾಸ್ಟ್‌ಎಪಿಐ ಎಂಬ ವೆಬ್ ಫ್ರೇಮ್‌ವರ್ಕ್ ಕಟ್ಟಿದ ಸೆಬಾಸ್ಟಿಯನ್ ರಾಮಿರೆಜ್ 2020ರಲ್ಲಿ ಒಂದು ಉದ್ಯೋಗ ಪ್ರಕಟಣೆ ಕಂಡರು. ಅದಕ್ಕೆ ಫಾಸ್ಟ್‌ಎಪಿಐಯಲ್ಲಿ ನಾಲ್ಕು ವರ್ಷಕ್ಕೂ ಮೇಲ್ಪಟ್ಟ ಅನುಭವ ಬೇಕಿತ್ತು. ಅವರು ಅದನ್ನು ಸೃಷ್ಟಿಸಿಯೇ ಒಂದೂವರೆ ವರ್ಷವಾಗಿತ್ತು! ಬ್ರಹ್ಮನೇ ರೆಸ್ಯೂಮೆ ಹಂತದಲ್ಲಿ ಔಟ್.

ತೃತೀಯ, ಫುಲ್‌ಸ್ಟ್ಯಾಕ್. ರಿಯಾಕ್ಟ್, ಜಾವಾ, ಡೇಟಾಬೇಸ್, ಕ್ಲೌಡ್, ಟೆಸ್ಟಿಂಗ್ ಎಲ್ಲ ಒಬ್ಬನೇ. ದರ್ಶಿನಿಯಲ್ಲಿ ದೋಸೆ ಹುಯ್ಯುವವನೇ ಲೋಟ ತೊಳೆದು ಗಲ್ಲಾಕ್ಕೂ ಕೂತಂತೆ.

ಇವರನ್ನು ಅಳೆಯಲು ಆತ್ಮಾಂಕನ ಪದ್ಧತಿ ಇದೆ: ‘ಜಾವಾಸ್ಕ್ರಿಪ್ಟ್‌ನಲ್ಲಿ ಹತ್ತಕ್ಕೆ ನಿಮಗೆ ನೀವೇ ಎಷ್ಟು ಕೊಡ್ತೀರ?’ ಒಂಬತ್ತು ಎಂದರೆ ಅಹಂಕಾರ, ಬೆವರಿಳಿಸುತ್ತಾರೆ. ಐದು ಎಂದರೆ ಬಂದದ್ದೇಕೆ ಎನ್ನುತ್ತಾರೆ. ಏಳೂವರೆ ಕ್ಷೇಮವೆಂದು ಬಲ್ಲವರ ಮತ. ಶನಿಮಹಾತ್ಮನ ಲೆಕ್ಕವೂ ಅಷ್ಟೇ.

ಚತುರ್ಥ... ಬಿಡಿ. ಇರುವುದು ಒಂದೇ ಸ್ತರ: ಹುಡುಗ ಎಷ್ಟು ಕಡಿಮೆಗೆ ಬರುತ್ತಾನೆ? 2024ರಲ್ಲಿ ಕಾಗ್ನಿಜೆಂಟ್ ಕಂಪನಿ ವರ್ಷಕ್ಕೆ 2.52 ಲಕ್ಷ ಸಂಬಳವೆಂದು ಪ್ರಕಟಿಸಿ ಎಲ್ಲೆಡೆ ನಗೆಪಾಟಲಾದಾಗ, ಅದು ಎಂಜಿನಿಯರುಗಳಿಗಲ್ಲ, ಮೂರು ವರ್ಷದ ಪದವೀಧರರಿಗೆ ಎಂದು ಸ್ಪಷ್ಟನೆ ಬಂತು. ತಿಂಗಳಿಗೆ 21,000. ಬಿ.ಎಸ್ಸಿ. ಓದಿದವರಿಗೆ ಪಿ.ಜಿ. ಬಾಡಿಗೆ ಕಡಿಮೆ ಎಂದು ಯಾರು ಹೇಳಿದರೋ. ಇನ್ನು ಸಣ್ಣ ಕಂಪನಿಗಳ ಬಾಂಡು, ಒತ್ತೆಯಿಟ್ಟ ಮೂಲ ಅಂಕಪಟ್ಟಿ ಇವುಗಳನ್ನು ಯಾವ ಸ್ತರಕ್ಕೆ ಸೇರಿಸಲಿ? ಅದು ಕೌಶಲ್ಯವೇ? ಜೀತವೇ?

2023ರ ಅಕ್ಟೋಬರಿನಿಂದ ಚಲ್ಲಘಟ್ಟದಲ್ಲಿ ಮೆಟ್ರೋ ಹತ್ತಿದರೆ ಅದೇ ರೈಲು ಕಂಪನಿಗಳಿರುವ ವೈಟ್‌ಫೀಲ್ಡ್ ಮುಟ್ಟಿಸುತ್ತದೆ. ಕನ್ನಡ ಮಾಧ್ಯಮದ ಹುಡುಗಿಯರು ಅದರಲ್ಲಿ ನಿಂತುಕೊಂಡೇ ಸಂದರ್ಶನಕ್ಕೆ ಹೋಗಿ, ಬೋರ್ಡಿನ ಮೇಲೆ ಲಿಂಕ್ಡ್ ಲಿಸ್ಟ್ ತಿರುಗಿಸಿ, ಕೋಡ್ ಓಡಿಸಿ ತೋರಿಸುತ್ತಾರೆ. ಆಮೇಲೆ ಎಚ್.ಆರ್. ರೌಂಡಿನಲ್ಲಿ ‘ಕಮ್ಯುನಿಕೇಶನ್’ ಸಾಲದು. ಕೆಲಸ ಸಿಕ್ಕವರು ಮೊದಲ ಆರು ತಿಂಗಳು ಮಾಡುವುದು ಬಟನ್ನಿನ ಬಣ್ಣ ಬದಲಾಯಿಸುವುದು. ಬಟನ್ ನೀಲಿಯಾಗಲು ಯಾವ ಇಂಗ್ಲಿಷ್ ಬೇಕು ಸ್ವಾಮಿ? ಕೇಳೋಣವೆಂದರೆ ಮೇಲ್‌ಗೆ ಉತ್ತರವಿಲ್ಲ. ಫೋನ್ ಮಾಡಿದರೆ, ‘ನಾವೇ ತಿಳಿಸ್ತೀವಮ್ಮ, ನೀವು ಮಾಡಬೇಡಿ.’