ಲುಕ್ಸಾನಕ್ಕೂ ಒಂದು ತೆರಿಗೆ

ಅಣ್ಣಿಗೇರಿಯ ಮಾಸ್ತರರೊಬ್ಬರು ಹೆಂಡತಿಯ ಬೋರಮಾಳ, ಪಾಟ್ಲಿ ಒತ್ತೆ ಇಟ್ಟು 5 ಲಕ್ಷ ಸಾಲ ಎತ್ತಿದರು. ಓಸಿ ಆಡಲಿಕ್ಕಲ್ಲ, ಡಿವಿಡೆಂಡಿಗೆ ಹೆಸರಾದ ಸರಕಾರಿ ಕಂಪನಿಗಳ ಷೇರು ಕೊಳ್ಳಲಿಕ್ಕೆ. 2024-25ರಲ್ಲಿ ಕಟ್ಟಿದ ಬಡ್ಡಿ 45,000, ಕೈಗೆ ಬಂದ ಡಿವಿಡೆಂಡ್ 30,000. ಹದಿನೈದು ಸಾವಿರ ಹೋದರೆ ಹೋಗಲಿ, ಟ್ಯಾಕ್ಸ್ ಆದರೂ ತಪ್ಪಿತಲ್ಲ ಎಂದು ಸಮಾಧಾನ ಮಾಡಿಕೊಂಡು ವಕೀಲರ ಹತ್ತಿರ ಹೋದರು.

"ಇದರಾಗ ನಿಮ್ಮ ಆದಾಯ 24,000 ರೀ, ಮಾಸ್ತರ."

"ಎಲ್ಲೈತ್ರೀ ಅದು?"

"ಕಾಯ್ದೇದಾಗ ಐತ್ರೀ."

ಖರೇನ ಐತಿ. ಮೊದಲು ಡಿವಿಡೆಂಡ್ ಹಂಚಿಕೆಯ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. 2020ರ ಹಣಕಾಸು ಕಾಯ್ದೆ ಆ ಹೊರೆಯನ್ನು ಷೇರುದಾರನ ತಲೆಗೆ ಕಟ್ಟಿತು. ಜೊತೆಗೆ ಆಗಿನ ಆದಾಯ ತೆರಿಗೆ ಕಾಯ್ದೆಯ ಕಲಂ 57ಕ್ಕೆ ಒಂದು ಷರತ್ತನ್ನೂ ಸೇರಿಸಿತು: ಬಡ್ಡಿ ಎಷ್ಟೇ ಕಟ್ಟಿರಲಿ, ಡಿವಿಡೆಂಡಿನ ಶೇ. 20ಕ್ಕಿಂತ ಹೆಚ್ಚು ಕಳೆಯುವಂತಿರಲಿಲ್ಲ. ಬೇರೆ ಖರ್ಚಿನ ಮಾತಂತೂ ಎತ್ತಲೇಬೇಡಿ. ಹೀಗಾಗಿ ಮಾಸ್ತರರಿಗೆ ದಕ್ಕಿದ್ದು 6,000. ಉಳಿದ 39,000 ಬಡ್ಡಿ ಬ್ಯಾಂಕಿನ ಕಣ್ಣಿಗೆ ಪೈಸೆ ಸಹಿತ ಕಂಡಿತ್ತು, ಕಾಯ್ದೆಯ ಕಣ್ಣಿಗೆ ಬೀಳಲಿಲ್ಲ. ಶೇ. 20ರ ಸ್ಲ್ಯಾಬಿನಲ್ಲಿ ಸೆಸ್ ಸೇರಿ 4,992 ರೂಪಾಯಿ ಕಟ್ಟಿ ಬಂದರು.

ಇದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಮಲಪ್ರಭೆಯ ನೀರು ಹೊಲ ಮುಟ್ಟುವ ಮೊದಲೇ, ನಿಮ್ಮ ಭೂಮಿ ಉದ್ಧಾರವಾಯಿತು ಎಂದು ಬೆಟರ್‌ಮೆಂಟ್ ಲೆವಿ ಕೇಳಿದ್ದು ಇದೇ ಸೀಮೆಯಲ್ಲಿ. 1980ರ ಜುಲೈ 21ರಂದು ನವಲಗುಂದ, ನರಗುಂದದ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು. ಷೇರು ಹಿಡಿದ ಮಾಸ್ತರರು ಬಂಡಾಯ ಏಳುವವರಲ್ಲ. ಅವರು ರಿಟರ್ನ್ ಸಲ್ಲಿಸುವವರು. ಅದು ದಿಲ್ಲಿಗೂ ಗೊತ್ತು.

ಈಗ ಅವರ ತಮ್ಮನ ಮಗನ ಕತೆ ಕೇಳಿರಿ. ಅವನೂ ಸಾಲ ತೆಗೆದ. ಚಹಾದಂಗಡಿಯ ಬಾಕಿನ ಮೇಲೆ ಕುಂತು, ಮೊಬೈಲಿನಲ್ಲಿ ನಿಫ್ಟಿ ಆಪ್ಷನ್ ಆಡಿ, ವಾರಕ್ಕೊಮ್ಮೆ ಕೈ ಸುಟ್ಟುಕೊಂಡ. ಕಾಯ್ದೆ ಅವನನ್ನು 'ವ್ಯಾಪಾರಸ್ಥ' ಎನ್ನುತ್ತದೆ. ಆ ಸಾಲದ ಬಡ್ಡಿ ಪೂರ್ತಿ ಖರ್ಚು. ಇಂಟರ್‌ನೆಟ್ ಬಿಲ್ಲೂ ಖರ್ಚು. ತಾಳ್ಮೆಯಿಂದ ಷೇರು ಹಿಡಿದು ಕುಂತ ದೊಡ್ಡಪ್ಪನದು ಮಾತ್ರ 'ಇತರ ಮೂಲ'ದ ಆದಾಯ.

ವೇಳೆಗೆ ಸರಿಯಾಗಿ ರಿಟರ್ನ್ ಸಲ್ಲಿಸಿದರೆ ಹುಡುಗ ತನ್ನ ಲುಕ್ಸಾನವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಮಾಸ್ತರರ 39,000 ಮುಂದಿನ ವರ್ಷಕ್ಕೂ ಹೋಗುವುದಿಲ್ಲ.